ಅಂಗಳದಲ್ಲಿ ಮುಗಿಯುವ ದಾರಿ

ಭಾನುವಾರ ಬೆಳಿಗ್ಗೆ ಮಣಿಪಾಲದಿಂದ ಹೊರಡುತ್ತಿದ್ದ ನಮ್ಮ ಸೈಕಲ್ ತಂಡದಲ್ಲಿ ಹಿರಿಯರೊಬ್ಬರಿದ್ದರು, ಅವರೇ ಕ್ಯಾಪ್ಟನ್. ಡಾಂಬರು ರಸ್ತೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ದಪ್ಪ ಟೈರಿನ ಸೈಕಲನ್ನು ಹೊಳೆ ಬದಿಯ ಜಲ್ಲಿದಾರಿಗೆ ಇಳಿಸಿ, ಎಡಗೈ ಎತ್ತಿ, ತಿರುಗಿಯೂ ನೋಡದೆ "ಮುಂದೆ ದಾರಿ ಉಂಟು ಮಾರಾಯ್ರೆ" ಎನ್ನುತ್ತಿದ್ದರು.

ಮುಂದೆ ದಾರಿ ಇರುತ್ತಿರಲಿಲ್ಲ. ನಮ್ಮ ಕಡೆಯ ಮಣ್ಣುದಾರಿಗಳೆಲ್ಲ ಕೊನೆಗೆ ಯಾರದೋ ಮನೆಯಂಗಳಕ್ಕೇ ಹೋಗಿ ಮುಗಿಯುವುದು. ನಾವು ನಾಚಿಕೊಂಡು ನಿಂತರೆ ಕ್ಯಾಪ್ಟನ್ ಬೆಲ್ ಬಾರಿಸಿ, "ದಾರಿ ತಪ್ಪಿತು, ಸ್ವಲ್ಪ ನೀರು ಕೊಡ್ತೀರಾ?" ಎಂದು ಕೇಳುತ್ತಿದ್ದರು. ಬಂದವರಿಗೆ ಬರೀ ನೀರು ಕೊಡುವ ರೂಢಿ ಇಲ್ಲಿಲ್ಲ. ಜೊತೆಗೆ ಬೆಲ್ಲವೂ ಬರುತ್ತದೆ, ಅದರ ಹಿಂದೆ ಅರ್ಧ ಗಂಟೆಯ ಮಾತೂ.

ನನಗೋ ಬಿಸಿಲೇರುವ ಮೊದಲು ಕಾಪು ಕಡಲತೀರ ಮುಟ್ಟಿ ವಾಪಸಾಗುವ ಹಟ. ಶಂಕರಪುರದ ಹತ್ತಿರ ಅವರು ಮತ್ತೊಂದು ಓಣಿಗೆ ತಿರುಗಿದಾಗ ರೇಗಿಹೋಯಿತು.

"ಮ್ಯಾಪಿನಲ್ಲಿ ಈ ದಾರಿಯೇ ಇಲ್ಲ ಸರ್. ಇದೂ ತಪ್ಪಿದರೆ ಮುಂದಿನ ವಾರದಿಂದ ನಾನಿಲ್ಲ" ಎಂದೆ.

"ಮುಂದೆ ದಾರಿ ಉಂಟು ಮಾರಾಯ್ರೆ."

ಅಂಗಳ ಬಂತು. ಜಗಲಿಯಲ್ಲಿ ವಯಸ್ಸಾದ ಹೆಂಗಸೊಬ್ಬರು, ನಮ್ಮ ಕಡೆ ಕರೆಯುವಂತೆ ಬಾಯಮ್ಮ, ಮಲ್ಲಿಗೆ ಕಟ್ಟುತ್ತಿದ್ದರು. ಕ್ಯಾಪ್ಟನ್ ಬೆಲ್ ಬಾರಿಸಿ, ಮುಖ ಸಣ್ಣ ಮಾಡಿ, "ದಾರಿ ತಪ್ಪಿತು ಬಾಯಮ್ಮ" ಎಂದು ಶುರು ಮಾಡುವಷ್ಟರಲ್ಲಿ ಬಾಯಮ್ಮ ಗದರಿದರು:

"ಇವತ್ತು ಎಂತ ಇಷ್ಟು ತಡ? ನಿಮಗೆ ತೆಗೆದಿಟ್ಟ ಬೆಲ್ಲಕ್ಕೆ ಇರುವೆ ಬಂತು ನೋಡಿ!"

ಕ್ಯಾಪ್ಟನ್ ಬಗ್ಗಿ, ಏನೂ ಆಗದ ಚೈನನ್ನು ಪರೀಕ್ಷಿಸತೊಡಗಿದರು. ನಾನು ಸೈಕಲನ್ನು ಗೋಡೆಗೆ ಒರಗಿಸಿ, ಇರುವೆ ಕೊಡವಿ, ದೊಡ್ಡ ತುಂಡನ್ನೇ ಬಾಯಿಗೆ ಹಾಕಿಕೊಂಡೆ.