ಜಗಲಿಯ ಮೇಲಿನ ವಿಮಾನ

ಕುಮಟೆ ಹತ್ತಿರದ ನಮ್ಮೂರು ಬಾಡದಲ್ಲಿ, ಗಿರಿಜಾ ಅಕ್ಕೋರ ಜಗಲಿಯಲ್ಲಿ ಒಂದು ವಿಮಾನವಿತ್ತು. ಮೂರರ ಹಿಂದೆ ಮೂರರಂತೆ ಇಟ್ಟ ಪ್ಲಾಸ್ಟಿಕ್ ಕುರ್ಚಿಗಳು. ಪ್ರತಿ ಕುರ್ಚಿಗೂ ಹಳೆಯ ಪಂಚೆಯ ಒಂದೊಂದು ಪಟ್ಟಿ ಕಟ್ಟಿತ್ತು, ಅದು ಬೆಲ್ಟು. ಎದುರಿಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಸಾರಿನ ಸೌಟು ಹಿಡಿದು ಅಕ್ಕೋರು ನಿಲ್ಲುತ್ತಿದ್ದರು.

"ಎಲ್ಲಾ ಕೂತ್ಕಳಿ. ಬೆಲ್ಟ್ ಕಟ್ಕಳಿ. ಈಗ ಏರ್ತದೆ. ಯಾರೂ ಏಳೂಕಿಲ್ಲ."

ನಡುವಿನ ಕುರ್ಚಿಯಲ್ಲಿ ನಾನು, ಮಡಿಲಲ್ಲಿ ಏಳು ತಿಂಗಳ ಮಗ. ಒಂದು ಪಕ್ಕ ನಾಲ್ಕು ವರ್ಷದ ಮಗಳು ಪೂರ್ವಿ. ಇನ್ನೊಂದು ಪಕ್ಕದ ಕುರ್ಚಿಯಲ್ಲಿ ತೆಂಗಿನಕಾಯಿ ತುಂಬಿದ ಚೀಲ. ಅದು ಗುರುತಿಲ್ಲದ ಪ್ರಯಾಣಿಕ. ಪೂರ್ವಿಯ ಕಾಲು ತಾಗಿದರೆ ಅವಳು ಆ ಚೀಲಕ್ಕೆ "ಸಾರಿ ಅಂಕಲ್" ಅನ್ನಬೇಕಿತ್ತು. ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೊರಟ ಹೆಂಗಸರು ಬೇಲಿಯಾಚೆ ನಿಂತು ನಮ್ಮನ್ನು ನೋಡಿ ನಗುತ್ತಿದ್ದರು. ಎಂ.ಕಾಂ. ಓದಿದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

ಅಕ್ಕೋರು ಅಂದರೆ ನಮ್ಮ ಕಡೆ ಟೀಚರು. ಗಿರಿಜಾ ಅಕ್ಕೋರು ಊರಿನ ಬಾಲವಾಡಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳನ್ನು ಕೂರಿಸಿದವರು. ನನ್ನನ್ನೂ ಕೂರಿಸಿದ್ದರು. ನಿವೃತ್ತರಾದ ಮೇಲೆ ಮಗ ಸೊಸೆಯ ಜೊತೆ ನಮ್ಮ ಮನೆಯ ಎದುರಿನ ಮನೆಯಲ್ಲೇ ಇದ್ದರು. ಕುಳ್ಳಗಿನ, ಗಟ್ಟಿ ಮೈಯ ಹೆಂಗಸು. ತಲೆಯಲ್ಲಿ ಯಾವಾಗಲೂ ಒಂದು ತುಂಡು ಅಬ್ಬಲಿಗೆ ಹೂವಿನ ದಂಡೆ. ದನಿ ಮಾತ್ರ ಸಮುದ್ರದ ದಂಡೆಯವರೆಗೂ ಕೇಳುವಂಥದು. ಎರಡು ಮಕ್ಕಳನ್ನು ಹೆತ್ತ ನಾನು ಎದುರಿಗೆ ಬಂದರೂ ಮೊದಲು ನನ್ನ ಉಗುರು ನೋಡುತ್ತಿದ್ದರು.

ಮಗಳ ಬಾಣಂತನಕ್ಕೆಂದು ಅವರು ಒಮ್ಮೆ ಕುವೈತಿಗೆ ಹೋಗಿ ಬಂದಿದ್ದರು. ಹೋಗುವುದೊಂದು, ಬರುವುದೊಂದು, ಅಷ್ಟೇ ಅವರ ವಿಮಾನಯಾನ. ಆದರೆ ಅಂದಿನಿಂದ ನಮ್ಮ ಕೇರಿಯಲ್ಲಿ ಮಗು ಕಟ್ಟಿಕೊಂಡು ವಿಮಾನ ಹತ್ತುವವರು ಯಾರೇ ಇರಲಿ, ಅಕ್ಕೋರು ಕರೆಯದೇ ಬಂದು ಕೂರುತ್ತಿದ್ದರು. "ಮೊದ್ಲು ಕೂರೂಕೆ ಕಲೀಲಿ, ಹಾರೂದು ಆಮೇಲೆ" ಎನ್ನುವುದು ಅವರ ಮಾತು. ಈ ಮಾತನ್ನು ದಿನಕ್ಕೆ ಎಷ್ಟು ಸಲ ಕೇಳಿದೆನೋ, ಈಗಲೂ ಕಿವಿಯಲ್ಲಿ ಕೂತಿದೆ.

ನನ್ನ ಪಾಡು ಹೇಳುತ್ತೇನೆ. ಗಂಡ ಮಸ್ಕತ್ತಿನಲ್ಲಿ. ಮಗ ಹುಟ್ಟಿದ್ದನ್ನು ಅವರು ಫೋನಿನಲ್ಲಿ ಮಾತ್ರ ನೋಡಿದ್ದರು. ರಜೆ ಸಿಗುವುದಿಲ್ಲ, ನೀನೇ ಮಕ್ಕಳನ್ನು ಕರೆದುಕೊಂಡು ಬಾ ಅಂದರು. ನಾನು ವಿಮಾನವನ್ನು ಆಕಾಶದಲ್ಲಿ ನೋಡಿದವಳು. ಪೂರ್ವಿ ಒಂದು ಕಡೆ ಕೂತರೆ ಜ್ವರ ಬಂದಿದೆ ಎಂದೇ ಅರ್ಥ. ಮಗನಂತೂ ಅಳುವುದಕ್ಕೆ ಹಿಡಿದರೆ ಮುಖ ಬಾಳೆಹೂವಿನ ಬಣ್ಣಕ್ಕೆ ತಿರುಗುವವರೆಗೂ ಬಿಡುತ್ತಿರಲಿಲ್ಲ. ಇವರಿಬ್ಬರನ್ನೂ ಒಬ್ಬಳೇ ಸಂಭಾಳಿಸಿ ಮಸ್ಕತ್ತಿಗೆ ಮುಟ್ಟಿಸಬೇಕು. ಆಕಾಶದ ನಡುವೆ ಇವನು ಅಳತೊಡಗಿದರೆ ಏನು ಮಾಡುವುದು ಎನ್ನುವುದೊಂದೇ ನನ್ನ ಎದೆಯ ಮೇಲೆ ಕೂತಿದ್ದ ಭಯ. ಹಗಲೂ ರಾತ್ರಿಯೂ ಅದೇ ಯೋಚನೆ. ಅನ್ನ ಸೇರುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಅಕ್ಕೋರು ಬೇರೆ.

ಮಗನ ಪಾಸ್‌ಪೋರ್ಟ್ ಫೋಟೋಕ್ಕೆ ಕುಮಟೆಗೆ ಹೋದಾಗ ಅವರೂ ಬಂದರು. ಸ್ಟುಡಿಯೋದವನು ನೆಲಕ್ಕೆ ಬಿಳಿ ಬಟ್ಟೆ ಹಾಸಿ ಮಗುವನ್ನು ಮಲಗಿಸಿ ಸ್ಟೂಲು ಹತ್ತಿ ನಿಂತ. ಕಣ್ಣು ಬಿಟ್ಟಿರಬೇಕು, ಬಾಯಿ ಮುಚ್ಚಿರಬೇಕು, ಹಿಡಿದವರ ಕೈ ಕಾಣಬಾರದು. ನನ್ನ ಅಮ್ಮ ಓಡಿಹೋಗಿ ಮಗನ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟಳು. "ಫೋಟೋದಲ್ಲಿ ಕಪ್ಪು ನಡೀತಿಲ್ಲ ಮಾರಾಯ್ತಿ" ಎಂದು ಅಕ್ಕೋರು ಸೆರಗಿನಿಂದ ಒರೆಸಿದರು. "ಅಷ್ಟು ಜನ ನೋಡೂ ಫೋಟೋ, ಬೊಟ್ಟಿಲ್ಲದೇ ಹೆಂಗೆ?" ಎಂದು ಅಮ್ಮ ಮತ್ತೆ ಇಟ್ಟಳು. ಇವರು ಒರೆಸುವುದು, ಅವಳು ಇಡುವುದು. ಕೊನೆಗೆ ಮಗ ಕಿರುಚತೊಡಗಿದ. ಸ್ಟುಡಿಯೋದವನು ಊಟಕ್ಕೆ ಹೋಗುತ್ತೇನೆಂದು ಕ್ಯಾಮೆರಾ ಕೆಳಗಿಟ್ಟ. ಅಂತೂ ತೆಗೆದ ಫೋಟೋದಲ್ಲಿ ಒಂದು ಕೆನ್ನೆ ಪೂರ್ತಿ ಕಪ್ಪು, ಏಟು ಬಿದ್ದವನ ಹಾಗೆ. ಅರ್ಜಿ ವಾಪಸು ಬಂತು. ಮತ್ತೆ ಕುಮಟೆ, ಮತ್ತೆ ಬಿಳಿ ಬಟ್ಟೆ. ಎರಡನೆಯ ಸಲ ಇಬ್ಬರನ್ನೂ ಮನೆಯಲ್ಲೇ ಬಿಟ್ಟು ಹೋದೆ. ಇಬ್ಬರೂ ನನ್ನ ಮೇಲೆ ಮುನಿಸಿಕೊಂಡರು.

ಮುನಿಸು ಎರಡು ದಿನಕ್ಕೇ ಇಳಿಯಿತು. ಜಗಲಿಯಲ್ಲಿ ಕೂತದ್ದು ಸಾಲದೆಂದು ಅಕ್ಕೋರು ಪೂರ್ವಿಯನ್ನು ಭಟ್ಕಳದ ಬಸ್ಸಿಗೆ ಹತ್ತಿಸಿದರು. ಹೊನ್ನಾವರ ದಾಟಿ ಶರಾವತಿ ಸೇತುವೆ ಮುಗಿಯುವವರೆಗೆ ಸೀಟು ಬಿಟ್ಟು ಏಳಬಾರದು, ಇದು ಪರೀಕ್ಷೆ. ನಾನೂ ಮಗನನ್ನು ಎತ್ತಿಕೊಂಡು ಹೋಗಬೇಕಾಯಿತು. ಹೊನ್ನಾವರದವರೆಗೆ ಪೂರ್ವಿ ಗೊಂಬೆಯ ಹಾಗೆ ಕೂತಿದ್ದಳು. ಬಸ್ಸು ಸೇತುವೆ ಏರಿ ಎರಡೂ ಕಡೆ ನೀರು ಕಂಡದ್ದೇ ತಡ, "ಅಕ್ಕೋರೇ, ಈಗ ಹಾರ್ತಾ?" ಎಂದು ಎದ್ದು ನಿಂತವಳು ಮುಂದಿನ ಸೀಟಿನಲ್ಲಿದ್ದವರ ಬೆನ್ನಿಗೆ ವಾಂತಿ ಮಾಡಿದಳು. ನಾನು ಸೆರಗಿನಲ್ಲಿ ಒರೆಸುತ್ತ, ಕ್ಷಮೆ ಕೇಳುತ್ತ ಕಣ್ಣೀರು ಹಾಕಿದೆ. ಅಕ್ಕೋರು ಮಾತ್ರ ಸಮಾಧಾನವಾಗಿ, "ಆತು. ಇಲ್ಲಿ ಆದ್ದು ಒಳ್ಳೇದಾತು. ಒಂದ್ ಜೊತೆ ಬಟ್ಟೆ ಕೈಚೀಲದಲ್ಲೇ ಬೇಕು ಅಂತ ಗೊತ್ತಾತಲ್ಲ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನಿಮಗೇನು, ಒರೆಸುವವಳು ನಾನು ಎಂದು ಹೇಳಬೇಕೆಂದಿದ್ದೆ. ಉಗುರು ನೋಡುವ ಅಕ್ಕೋರಿಗೆ ಹಾಗೆಲ್ಲ ಹೇಳುವ ಧೈರ್ಯ ಬರಲಿಲ್ಲ.

ಹೊರಡುವ ಹಿಂದಿನ ದಿನ ಹೊನ್ನಾವರದಿಂದ ನನ್ನ ನಾದಿನಿ ಬಂದಳು. ಅವಳು ವರ್ಷಕ್ಕೊಮ್ಮೆ ಗಲ್ಫಿಗೆ ಓಡಾಡುವವಳು. ನನ್ನ ಮುಖ ನೋಡಿ ನಕ್ಕು, ಚೀಲದಿಂದ ನೆಗಡಿಯ ಸಿರಪ್ಪಿನ ಬಾಟಲಿ ತೆಗೆದಳು. "ಇಷ್ಟಕ್ಕೆಲ್ಲ ಹೆದರೂದಾ? ಹತ್ತೂ ಮೊದ್ಲು ಒಂದ್ ಚಮಚ ಹಾಕು. ಮಸ್ಕತ್ತಲ್ಲೇ ಕಣ್ಣು ಬಿಡ್ತಾನೆ. ಎಲ್ಲಾ ಹಾಕ್ತಾರೆ, ಬಾಯಿ ಬಿಟ್ಟು ಹೇಳೂದಿಲ್ಲ ಅಷ್ಟೇ." ತಿಂಗಳಿನಿಂದ ಎದೆಯ ಮೇಲಿದ್ದ ಕಲ್ಲು ಸರಿದ ಹಾಗಾಯಿತು. ಆ ಬಾಟಲಿಯನ್ನು ಕೈಚೀಲದ ಪಕ್ಕದ ಜೇಬಿಗೆ ಹಾಕಿದೆ. ಅವತ್ತು ಮಧ್ಯಾಹ್ನ ಹೊಟ್ಟೆತುಂಬ ಊಟ ಮಾಡಿದೆ.

ಸಂಜೆ ಅಕ್ಕೋರು ಚೀಲ ತಪಾಸಣೆಗೆ ಬಂದರು. ನಾನು ತುಂಬಿಟ್ಟದ್ದನ್ನೆಲ್ಲ ಹೊರಗೆ ಹರವಿ ಮತ್ತೆ ತುಂಬುವುದು ಅವರ ನಿತ್ಯದ ಕಾಟ. ಲಂಗೋಟಿ, ರಾಗಿ ಸರಿಯ ಡಬ್ಬಿ, ಪೂರ್ವಿಯ ಬಟ್ಟೆ ಎಲ್ಲ ಹೊರಗೆ ಬಂತು. ಕೊನೆಗೆ ಆ ಬಾಟಲಿಯೂ ಬಂತು.

"ಇದೆಂತ?"

"ನೆಗಡಿದು."

"ಇವಂಗೆ ನೆಗಡಿ ಇಲ್ಲ."

ಅಕ್ಕೋರು ಎದ್ದು ಹಿತ್ತಲಿಗೆ ಹೋಗಿ, ಬಾವಿಕಟ್ಟೆಯ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಷ್ಟನ್ನೂ ಸುರಿದುಬಿಟ್ಟರು. ಕೆಂಪು ದ್ರವ ಕಲ್ಲಿನಿಂದ ಇಳಿದು ಮಣ್ಣಿಗೆ ಸೇರಿತು. ಒಂದು ತಿಂಗಳ ಸಿಟ್ಟು ಒಟ್ಟಿಗೇ ನನ್ನ ಬಾಯಿಗೆ ಬಂತು.

"ನಿಮ್ಗೆ ಯಾರು ಅಧಿಕಾರ ಕೊಟ್ರು? ನಾಳೆ ಇಂವ ಅತ್ರೆ ನೀವು ಬಂದು ಸುಧಾರಿಸ್ತ್ರಾ? ಇಂವ ನನ್ ಮಗ. ನಿಮ್ ಮೊಮ್ಮಗ ಅಲ್ಲ."

ಅಕ್ಕೋರು ಖಾಲಿ ಬಾಟಲಿ ಹಿಡಿದುಕೊಂಡೇ ಬಾವಿಕಟ್ಟೆಯ ಮೇಲೆ ಕೂತರು.

"ಅಲ್ಲ, ಶೈಲಾ" ಅಂದರು. "ನನ್ ಮೊಮ್ಮಗನಿಗೆ ನಾನೇ ಹಾಕಿದ್ದೆ."

ಕುವೈತಿನಿಂದ ಮಗಳ ಜೊತೆ ಬರುವಾಗ ನಡೆದದ್ದು. ಮಗಳು ಸುಸ್ತಾಗಿ ಪಕ್ಕದ ಸೀಟಿನಲ್ಲಿ ಮಲಗಿದ್ದಳು. ಮಗು ಅಕ್ಕೋರ ಮಡಿಲಲ್ಲಿ ಒಂದೇ ಸಮನೆ ಅಳುತ್ತಿತ್ತು. ಮುಂದಿನ ಸೀಟಿನ ಮನುಷ್ಯ ತಿರುಗಿ, ಮಗು ಸುಧಾರಿಸಲು ಬರದವರು ಯಾಕೆ ವಿಮಾನ ಹತ್ತುತ್ತೀರಿ ಅಂದನಂತೆ.

"ಊರಿನ ಮಕ್ಳನ್ನೆಲ್ಲಾ ಸುಧಾರಿಸ್ದವ್ಳಿಗೆ ಹಂಗಂದ. ನಂಗೆ ನಾಚ್ಕೆ ಆತು. ಚೀಲದಲ್ಲಿ ಸಿರಪ್ ಇತ್ತು, ಒಂದ್ ಚಮಚ ಹಾಕ್ದೆ. ಇನ್ನೂ ಕುಂಯ್ ಅಂತಿತ್ತು, ಇನ್ನೊಂದು ಹಾಕ್ದೆ. ಆಮೇಲೆ ಸುಮ್ನಾತು. ಎಲ್ಲಾ ಸುಮ್ನಾದ್ರು. ನಂಗೂ ಖುಷಿಯಾತು, ನೋಡು."

ವಿಮಾನ ಇಳಿದರೂ ಮಗು ಏಳಲಿಲ್ಲ. ಕಾರಿನಲ್ಲೂ ಏಳಲಿಲ್ಲ. ಮಗಳು ಹಾಲು ಕುಡಿಸಲು ಹೋದರೆ ಹಾಲು ಬಾಯಿಯ ಅಂಚಿನಿಂದ ಹಾಗೇ ಹೊರಗೆ ಬಂತು. ಕಾರು ತಿರುಗಿಸಿ ಆಸ್ಪತ್ರೆಗೆ ಓಡಿದರು. ಮಗು ಉಳಿಯಿತು. ಅದು ಕಣ್ಣು ಬಿಟ್ಟು ಅತ್ತಾಗ ಅಕ್ಕೋರು ಬಾಗಿಲ ಹೊರಗೆ ನಿಂತಿದ್ದರಂತೆ. ಮಗಳು ಒಳಗೆ ಬಿಡಲಿಲ್ಲ.

"ಇನ್ ಮುಂದೆ ನನ್ ಮಗನ್ನ ಮುಟ್ಬೇಡ ಅಂದ್ಳು. ಈಗ್ಲೂ ಬಂದಾಗ ನನ್ ಕೈಗೆ ಕೊಡೂದಿಲ್ಲ. ಮೀಯಿಸೂಕೂ ಕೊಡೂದಿಲ್ಲ. ನಾ ಬಾಲವಾಡಿ ಅಕ್ಕೋರು."

ನನಗೆ ಅವರ ಮೇಲೆ ಕನಿಕರ ಬಂತು, ಸಿಟ್ಟೂ ಹೋಗಿರಲಿಲ್ಲ. ಬಾಟಲಿ ಹೋಯಿತು, ಭಯ ಹಾಗೇ ಉಳಿಯಿತಲ್ಲ.

"ಹಂಗಾದ್ರೆ ನಾಳೆ ಇಂವ ಅತ್ರೆ ನಾ ಎಂತ ಮಾಡ್ಲಿ, ಅಕ್ಕೋರೇ?"

"ಏರೂವಾಗ ಎದೆಗೆ ಹಾಕು, ಇಳಿಯೂವಾಗ ಎದೆಗೆ ಹಾಕು. ನಡುವೆ ಅತ್ರೆ ಅಳ್ಲಿ. ಬೈಯ್ವವ್ರು ಬೈಲಿ. ಅಳೂದು ಕೇಳ್ತಾ ಇದ್ರೆ ಮಗ ಇದ್ದಾನೆ ಅಂತ ನಿಂಗೆ ಗೊತ್ತಿರ್ತದಲ್ಲ."

ಮರುದಿನ ಮಂಗಳೂರಿಗೆ ಹೊರಟ ಕಾರಿನಲ್ಲಿ ಜಾಗವಿಲ್ಲದಿದ್ದರೂ ಅಕ್ಕೋರು ತೂರಿಕೊಂಡರು. ಭಟ್ಕಳದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಪೂರ್ವಿಗೆ ಮತ್ತೆ ಪಾಠವಾಯಿತು. ನಾನು ತಲೆ ಚಚ್ಚಿಕೊಂಡೆ. ವಿಮಾನ ನಿಲ್ದಾಣದ ಬಾಗಿಲಿನಲ್ಲಿ ಟಿಕೆಟ್ ಇಲ್ಲದವರನ್ನು ತಡೆದರು. ತಾನು ಅಕ್ಕೋರು ಎಂದು ಅವರು ಕಾವಲಿನವನಿಗೆ ಹೇಳಿ ನೋಡಿದರು, ಉಪಯೋಗವಾಗಲಿಲ್ಲ. ಒಳಗೆ ಸಾಲಿನಲ್ಲಿ ನಿಲ್ಲುವಷ್ಟರಲ್ಲಿ ಮಗ ಶುರುಮಾಡಿದ. ತಿರುಗಿ ನೋಡಿದೆ. ಗಾಜಿನ ಆಚೆ ಅಕ್ಕೋರು ಕಿವಿಗೆ ಕೈ ಹಚ್ಚಿ ನಿಂತಿದ್ದರು. ದನಿ ಅಲ್ಲಿಗೆ ಕೇಳಿಸುವಂತಿರಲಿಲ್ಲ, ಆದರೆ ತೆರೆದ ಬಾಯಿ ಕಾಣುತ್ತಿತ್ತೇನೋ. ಸರಿ ಸರಿ ಎಂಬಂತೆ ತಲೆಯಾಡಿಸಿದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಹಾಗೆ.

ವಿಮಾನದಲ್ಲಿ ಮಗ ಮನಸಾರೆ ಅತ್ತ. ಪೂರ್ವಿ ಬೆಲ್ಟು ಕಟ್ಟಿಕೊಂಡು ಕೂತವಳು ಏಳಲೇ ಇಲ್ಲ. ಪಕ್ಕದ ಗೃಹಸ್ಥರಿಗೆ ಕಾಲು ತಾಗಿದಾಗೆಲ್ಲ "ಸಾರಿ ಅಂಕಲ್" ಅಂದಳು. ಅವರು ಮೊದಲು ನಕ್ಕರು, ಆಮೇಲೆ ಬೇಸತ್ತು ಕಣ್ಣು ಮುಚ್ಚಿಕೊಂಡರು. ಹಿಂದಿನಿಂದ ಯಾರೋ ಗೊಣಗಿದರು. ನನಗೂ ಅಳು ಬಂತು, ಆದರೆ ಹೆದರಿಕೆ ಆಗಲಿಲ್ಲ. ಮಸ್ಕತ್ತು ಮುಟ್ಟಿ ಫೋನ್ ಮಾಡಿದಾಗ ಅಕ್ಕೋರು ಬೇರೇನೂ ಕೇಳಲಿಲ್ಲ.

"ಮಗ ಅತ್ನಾ?"

"ಅತ್ತ ಅಕ್ಕೋರೇ. ಇಳಿಯೂವರೆಗೂ ಅತ್ತ."

"ಆತು" ಅಂದರು. ಮತ್ತೊಮ್ಮೆ "ಆತು" ಅಂದು ಫೋನ್ ಇಟ್ಟರು.

ಮಳೆಗಾಲದಲ್ಲಿ ಜ್ವರ ಬಂದು ಮಲಗಿದ ಅಕ್ಕೋರು ಮತ್ತೆ ಏಳಲಿಲ್ಲವೆಂದು ಅಮ್ಮ ಫೋನಿನಲ್ಲಿ ಹೇಳಿದಳು. ಕುವೈತಿನ ಮಗಳು ಹುಡುಗನನ್ನು ಕರೆದುಕೊಂಡು ಬಂದಿದ್ದಳಂತೆ. ಅಕ್ಕೋರ ಹತ್ತಿರ ಈಗ ಬಿಟ್ಟಳಂತೆ, ಈಗ. ನನಗೆ ಎಷ್ಟು ಸಿಟ್ಟು ಬಂತೆಂದರೆ ಅಮ್ಮನ ಮೇಲೆಯೇ ರೇಗಿ ಫೋನ್ ಇಟ್ಟೆ.

ಮುಂದಿನ ವರ್ಷ ನಾನು ಮಕ್ಕಳನ್ನು ಕರೆದುಕೊಂಡು ಊರಿಗೆ ಹೊರಟೆ. ಈ ಸಲ ಮಗ ವಿಮಾನ ಏರುವ ಮೊದಲೇ ನನ್ನ ಹೆಗಲ ಮೇಲೆ ನಿದ್ದೆಹೋದ. ಯಾವ ಔಷಧಿಯೂ ಇಲ್ಲ, ಆಡಿ ದಣಿದಿದ್ದ ಅಷ್ಟೇ. ಊಟ ಬಂತು, ಏಳಲಿಲ್ಲ. ಎಷ್ಟು ಸಾಧು ಮಗು ಎಂದು ಪಕ್ಕದ ಹೆಂಗಸು ಹೊಗಳಿದಳು. ನಾನು ಅವನ ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ. ಉಸಿರು ಬೆಚ್ಚಗೆ ತಾಗಿತು. ಸ್ವಲ್ಪ ಹೊತ್ತಿಗೆ ಮತ್ತೆ ಇಟ್ಟೆ. ಮೂರನೆಯ ಸಲಕ್ಕೆ ತಡೆಯಲಾಗಲಿಲ್ಲ, ಅಂಗಾಲನ್ನು ಚಿವುಟಿಬಿಟ್ಟೆ. ಮಗ ಬೆಚ್ಚಿಬಿದ್ದು ಇಡೀ ವಿಮಾನಕ್ಕೆ ಕೇಳುವಂತೆ ಅಳತೊಡಗಿದ. ಪಕ್ಕದ ಹೆಂಗಸು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. ನೋಡಲಿ. ಅವನನ್ನು ಎದೆಗೆ ಒತ್ತಿಕೊಂಡೆ. ಇಳಿದ ಕೂಡಲೇ ಫೋನ್ ಮಾಡಿ ಅಕ್ಕೋರಿಗೆ ಹೇಳಬೇಕು, ಮಗ ಅತ್ತ ಎಂದು, ಅಂದುಕೊಂಡೆ. ಆಮೇಲೆ ನೆನಪಾಯಿತು.