ನನ್ನ ಪಾಲಿಗೆ ಬಾರದ ತೆಲುಗು

೧೯೫೮ನೆಯ ಇಸವಿಯಲ್ಲಿ ನನಗೆ ಮೂವತ್ತನಾಲ್ಕು ವರ್ಷ. ಆ ವಯಸ್ಸಿನ ಗಂಡಸಿಗೆ ಹೊಟ್ಟೆಕಿಚ್ಚು ಬಂದರೆ ಸಾಮಾನ್ಯವಾಗಿ ಇನ್ನೊಬ್ಬನ ಸಂಬಳವೋ ಬಡ್ತಿಯೋ ಅದಕ್ಕೆ ಕಾರಣವಾಗಿರುತ್ತದೆ. ನನಗೆ ಬಂದದ್ದು ಒಂದು ಭಾಷೆಯ ಮೇಲೆ. ಇನ್ನೂ ಖಚಿತವಾಗಿ ಹೇಳಬೇಕೆಂದರೆ, ಆ ಭಾಷೆಯಲ್ಲಿ ನನ್ನ ಹೆಂಡತಿ ಪಕ್ಕದ ಮನೆಯ ಹೆಂಗಸಿನೊಡನೆ ನಗುತ್ತಿದ್ದ ನಗೆಯ ಮೇಲೆ.

ಹನ್ನೊಂದು ವರ್ಷಗಳ ಮೇಲೆ ಇದು ನೆನಪಾದದ್ದು ನಿನ್ನೆ ಸಂಜೆ, ಜಯನಗರದ ನಮ್ಮ ಬೀದಿಗೆ ಬಂದ ತರಕಾರಿಯ ಕೈಗಾಡಿಯ ಮುಂದೆ. ಎದುರುಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಗೃಹಿಣಿಯೊಬ್ಬರು ಬದನೆಕಾಯಿ ತೂಗಿಸುತ್ತಿದ್ದರು. ಗಾಡಿಯವನು ಇನ್ನೆರಡು ಕಾಯಿ ಹಾಕಲು ಹೋದಾಗ ಅವರು ಕೈ ಅಡ್ಡ ಹಿಡಿದು “ಚಾಲು, ಚಾಲು” ಎಂದರು. ತಕ್ಕಡಿ ನಿಂತಿತು.

ನೀವು ತೆಲುಗು ಬಾರದ ಕನ್ನಡಿಗರಾದರೆ ಇಲ್ಲಿ ಕ್ಷಣಕಾಲ ತಡೆಯಬೇಕಾಗುತ್ತದೆ. ನಮ್ಮಲ್ಲಿ ಬಸ್ಸಿನ ಡ್ರೈವರು ಎಂಜಿನ್ ಚಾಲು ಮಾಡಿದರೆ ಬಸ್ಸು ಹೊರಡುತ್ತದೆ. ತೆಲುಗರು ಚಾಲು ಎಂದರೆ ಬಡಿಸುವ ಕೈ ನಿಲ್ಲುತ್ತದೆ. ನಮ್ಮ ಚಾಲು ಉತ್ತರದಿಂದ ಬಂದದ್ದು, ಚಲನೆಯ ಬಳಗಕ್ಕೆ ಸೇರಿದ್ದು. ಅವರದು ನಮ್ಮ ‘ಸಾಲದು’, ‘ಸಾಲುತ್ತದೆ’ಗಳ ದಾಯಾದಿ. ರೂಪ ಒಂದೇ, ಹುಟ್ಟಿದ ಮನೆಗಳು ಬೇರೆ. ಹತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿ, ಈಗ ಮುದ್ರಣಾಲಯದಲ್ಲಿ ಅನ್ಯರ ಕರಡುಗಳನ್ನು ತಿದ್ದಿ ಬದುಕುತ್ತಿರುವ ನನಗೆ ಇಂಥ ಪದಗಳು ಸಿಕ್ಕಿದರೆ ಸಿಹಿ ಸಿಕ್ಕಿದಂತೆ. ಆದರೆ ಈ ಒಂದು ಪದವನ್ನು ನಾನು ಎಂದೂ ಸಂತೋಷದಿಂದ ಸವಿದವನಲ್ಲ.

ನನ್ನ ಹೆಂಡತಿ ಪದ್ಮಾವತಿ ಮಡಕಶಿರದವಳು. ಮನೆಯಲ್ಲಿ ಹಿರಿಯರೊಡನೆ ಆಡುತ್ತಿದ್ದುದು ಕನ್ನಡ. ಬೀದಿ, ಶಾಲೆ, ಗೆಳತಿಯರು, ಕುಂಟಾಬಿಲ್ಲೆ, ಜಗಳ ಎಲ್ಲವೂ ತೆಲುಗು. ಹೀಗಾಗಿ ಆಕೆಯ ಕನ್ನಡ ಮೊದಲಿನಿಂದಲೂ ತಲೆ ತಗ್ಗಿಸಿ ನಿಲ್ಲುವ ಕನ್ನಡ. ಮದುವೆಯಾದ ಹೊಸತರಲ್ಲಿ ಅತಿಥಿಗಳೊಬ್ಬರಿಗೆ ಕಾಫಿ ಕೊಡುತ್ತ ಆಕೆ “ಸಕ್ಕರೆ ಅವಸರವಾ?” ಎಂದು ಕೇಳಿದಳು. ತೆಲುಗಿನಲ್ಲಿ ಅವಸರವೆಂದರೆ ಅಗತ್ಯ. ನಾನು ಅಲ್ಲಿಯೇ ತಿದ್ದಿದೆ. ತಿದ್ದಿದ್ದು ತಪ್ಪೆಂದು ಈಗಲೂ ಹೇಳಲಾರೆ. ಆದರೆ ಅಂದಿನಿಂದ ಆಕೆ ನನ್ನೊಡನೆ ಮಾತನಾಡುವ ಮುನ್ನ ಪ್ರತಿಯೊಂದು ವಾಕ್ಯವನ್ನೂ ಅಕ್ಕಿಯಂತೆ ಮೊರದಲ್ಲಿ ಕೇರತೊಡಗಿದಳು. ನನಗೆ ಸಿಗುತ್ತಿದ್ದುದು ಕಲ್ಲಿಲ್ಲದ, ಹೊಟ್ಟಿಲ್ಲದ, ಶುದ್ಧವಾದ ನಾಲ್ಕು ಕಾಳು ಮಾತು.

ನಾವು ಇಲ್ಲಿಗೆ ಬಂದಾಗ ಜಯನಗರ ಇನ್ನೂ ಬಡಾವಣೆಯಾಗುವ ಪ್ರಯತ್ನದಲ್ಲಿತ್ತು. ಒಂದು ಮನೆ, ಎರಡು ಖಾಲಿ ನಿವೇಶನ, ಮತ್ತೊಂದು ಮನೆ. ಎಲ್ಲೆಲ್ಲೂ ಹಸಿ ಸುಣ್ಣದ ವಾಸನೆ. ಮನೆಗಳ ನಡುವೆ ಗೋಡೆಯ ಬದಲು ಕಲ್ಲುಚಪ್ಪಡಿಗಳನ್ನು ಸಾಲಾಗಿ ನೆಟ್ಟಿದ್ದರು. ನಮ್ಮ ಹಿತ್ತಲಿನ ಸಾಲಿನಲ್ಲಿ ಒಂದು ಚಪ್ಪಡಿ ಮುರಿದು ಬಿದ್ದು, ಬಾಗಿಲಿನಷ್ಟು ತೆರಪಾಗಿತ್ತು. ಐವತ್ತೆಂಟರ ಬೇಸಿಗೆಯಲ್ಲಿ ಆ ತೆರಪಿನ ಆಚೆಗೆ ಅನಸೂಯಮ್ಮ ಬಂದರು. ಅನಂತಪುರದ ಕಡೆಯವರು, ಯಜಮಾನರಿಗೆ ರೈಲ್ವೆಯಲ್ಲಿ ಕೆಲಸ, ಪದ್ಮಾವತಿಗಿಂತ ನಾಲ್ಕೈದು ವರ್ಷ ದೊಡ್ಡವರು. ಬಂದ ವಾರದಲ್ಲಿಯೇ ಅವರು ಆಕೆಗೆ ‘ವದಿನ’, ಎಂದರೆ ಅತ್ತಿಗೆ ಆದರು.

ಅನಂತರ ನಡೆದದ್ದನ್ನು ನಾನು ಮುಂದಿನ ಕೋಣೆಯಲ್ಲಿ, ಮಕ್ಕಳ ಉತ್ತರಪತ್ರಿಕೆಗಳ ಮುಂದೆ ಕುಳಿತು ಕಿವಿಯಿಂದ ಅನುಭವಿಸಿದೆ. ಹಿತ್ತಲಿನಿಂದ ಒಬ್ಬ ಅಪರಿಚಿತ ಹೆಂಗಸಿನ ದನಿ ಕೇಳುತ್ತಿತ್ತು. ಗಟ್ಟಿಯಾದ, ತುಂಟತನದ ದನಿ. ಯಾರದೋ ನಡಿಗೆಯನ್ನು, ಇನ್ನಾರದೋ ಮೂಗಿನ ಮಾತನ್ನು ಅಣಕಿಸುತ್ತಿತ್ತು. ಅರ್ಧ ವಾಕ್ಯವನ್ನು ಒಬ್ಬರು ಹೇಳಿದರೆ ಉಳಿದರ್ಧವನ್ನು ಇನ್ನೊಬ್ಬರು ಕಸಿದುಕೊಳ್ಳುತ್ತಿದ್ದರು. ಅನಸೂಯಮ್ಮ ಏನನ್ನೋ ಸುರಿಯುತ್ತಿದ್ದರೆಂದು ತೋರುತ್ತದೆ, “ಚಾಲು ವದಿನಾ, ಚಾಲು” ಎಂದು ಆ ದನಿ ನಗುತ್ತಲೇ ಕೂಗಿತು. ಆ ಅಪರಿಚಿತ ಹೆಂಗಸು ನನ್ನ ಹೆಂಡತಿ ಎಂದು ತಿಳಿಯಲು ನನಗೆ ಹಲವು ದಿನ ಬೇಕಾಯಿತು.

ಗಂಡಸಿನ ಮೇಲೆ ಹೊಟ್ಟೆಕಿಚ್ಚುಪಟ್ಟ ಗಂಡನನ್ನು ಲೋಕ ಅರ್ಥಮಾಡಿಕೊಳ್ಳುತ್ತದೆ. ವಯಸ್ಸಿನಲ್ಲಿ ಹಿರಿಯರಾದ, ಕುಂಕುಮ ತುಂಬಿದ ಹಣೆಯ, ಸಿಕ್ಕಾಗಲೆಲ್ಲ “ಬನ್ನಿ ಮೇಷ್ಟ್ರೇ” ಎಂದು ಕರೆಯುವ ಗೃಹಿಣಿಯ ಮೇಲೆ ಕಿಚ್ಚುಪಡುವವನು ಯಾರಲ್ಲಿ ಹೇಳಿಕೊಳ್ಳಬೇಕು? ಅನಸೂಯಮ್ಮನ ಉಪ್ಪಿನಕಾಯಿಯಲ್ಲಿ ನಾನು ಖಾರ ಹೆಚ್ಚೆಂದು ದೋಷ ಕಂಡೆ. ಅವರ ಕನ್ನಡದಲ್ಲಿ ಲಿಂಗದೋಷ, ವಚನದೋಷ ಕಂಡೆ. ತೆಲುಗಿನಲ್ಲಿ ಮಾತಿಗೆ ಮಾಟವೆನ್ನುತ್ತಾರೆಂದು ತಿಳಿದಾಗ ಒಂದು ಬಗೆಯ ಕ್ರೂರ ಸಮಾಧಾನವೂ ಆಯಿತು. ನಮ್ಮ ಮಾಟ ಮಾಡು ಧಾತುವಿನಿಂದ, ಆಡುವಿನಿಂದ ಆಟವಾದ ಹಾಗೆ; ಅವರ ಮಾಟ ನಮ್ಮ ಮಾತಿನ ಒಡಹುಟ್ಟು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, ಕಲ್ಲುಚಪ್ಪಡಿಯ ತೆರಪಿನಲ್ಲಿ ನಡೆಯುತ್ತಿದ್ದುದು ನಮ್ಮ ಮಾಟವೇ ಎಂದು ನನ್ನ ಮನಸ್ಸು ಹಟ ಹಿಡಿಯಿತು.

ಪರಿಹಾರವನ್ನು ನಾನು ನನ್ನ ಕ್ರಮದಲ್ಲಿಯೇ ಹುಡುಕಿದೆ. ತೆಲುಗು ಕಲಿಯಲು ನಿಶ್ಚಯಿಸಿ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಿಂದ ಒಂದು ವ್ಯಾಕರಣ ತಂದೆ. ಲಿಪಿಗೆ ಒಂದು ವಾರವೂ ಬೇಕಾಗಲಿಲ್ಲ. ನಮ್ಮ ಅಕ್ಷರಗಳೇ ತಲೆಕಟ್ಟು ಬದಲಾಯಿಸಿಕೊಂಡು ನಿಂತಿದ್ದವು. ವಿಭಕ್ತಿ, ಸಂಧಿ, ಕ್ರಿಯಾಪದ ಎಲ್ಲವನ್ನೂ ಮುಗಿಸಿ, ಒಂದು ಸಂಜೆ ಹಿತ್ತಲಿಗೆ ಹೋಗಿ, ಮೊದಲೇ ಬಾಯಿಪಾಠ ಮಾಡಿಕೊಂಡಿದ್ದ ಕುಶಲಪ್ರಶ್ನೆಯನ್ನು ಗ್ರಂಥದ ತೆಲುಗಿನಲ್ಲಿ ಸ್ಪಷ್ಟವಾಗಿ ಉಚ್ಚರಿಸಿದೆ.

ಪದ್ಮಾವತಿ ಸೆರಗು ಸರಿಮಾಡಿಕೊಂಡಳು.

“ಮೇಷ್ಟ್ರೇ, ನೀವು ಹಿಂಗೆ ಮಾತಾಡಿದ್ರೆ ನಮ್ಮೂರಲ್ಲಿ ಹರಿಕಥೆ ಶುರುವಾಯ್ತು ಅಂತ ಚಾಪೆ ತಂದು ಕೂತ್ಕೋತಾರೆ,” ಎಂದರು ಅನಸೂಯಮ್ಮ.

ನಾನೂ ನಕ್ಕೆ. ಆದರೆ ನನ್ನನ್ನು ಚುಚ್ಚಿದ್ದು ಆ ಹಾಸ್ಯವಲ್ಲ. ಪದ್ಮಾವತಿ ನನ್ನ ತೆಲುಗು ಪ್ರಶ್ನೆಗೆ ಕನ್ನಡದಲ್ಲಿ, ಕರ್ತೃ ಕ್ರಿಯೆಗಳನ್ನು ಸರಿಯಾಗಿ ಜೋಡಿಸಿ, “ಎಲ್ಲರೂ ಕುಶಲವಾಗಿದ್ದೇವೆ” ಎಂದು ಉತ್ತರಿಸಿದ್ದಳು.

ನಾನು ಬಿಡಲಿಲ್ಲ. ಊಟಕ್ಕೆ ಕುಳಿತಾಗ ತೆಲುಗಿನಲ್ಲಿ ಸಾರು ಕೇಳಿದರೆ ಸಾರು ಬರುತ್ತಿತ್ತು, ಮಾತು ಕನ್ನಡದಲ್ಲಿ ಬರುತ್ತಿತ್ತು. ಒಮ್ಮೆ ಕೇಳಿಯೇಬಿಟ್ಟೆ, ನನ್ನ ಉಚ್ಚಾರಣೆಯಲ್ಲಿ ದೋಷವಿದೆಯೇ ಎಂದು. ಆಕೆ ಸೌಟನ್ನು ಪಾತ್ರೆಯಲ್ಲಿಟ್ಟಳು.

“ದೋಷ ಏನಿಲ್ಲ. ನನಗೂ ಆಸೇನೇ. ಆದ್ರೆ ನಿಮ್ಮ ಮುಖ ನೋಡಿದ ತಕ್ಷಣ ಬಾಯಿಗೆ ಕನ್ನಡಾನೇ ಬರತ್ತೆ. ನಾನೇನ್ಮಾಡ್ಲಿ?”

ಇದಕ್ಕೆ ವ್ಯಾಕರಣದಲ್ಲಿ ಸೂತ್ರವಿಲ್ಲ. ಇನ್ನೊಂದು ನಷ್ಟವೂ ಆಯಿತು. ನನಗೆ ಅರ್ಥವಾಗುತ್ತದೆಂದು ತಿಳಿದ ಮೇಲೆ ಹಿತ್ತಲಿನ ಮಾತು ಪಿಸುಮಾತಾಯಿತು. ಮೊದಲು ಅರ್ಥವಿಲ್ಲದೆ ದನಿಯಾದರೂ ದೊರೆಯುತ್ತಿತ್ತು. ಈಗ ಅರ್ಥ ಮಾಡಿಕೊಳ್ಳುವ ಸಾಮರ್ಥ್ಯವಿದ್ದು ದನಿಯೇ ಇಲ್ಲ. ನಗೆ ಮಾತ್ರ ತಡೆಯಲಾಗದೆ ಆಗಾಗ ಹಾರಿ ಬರುತ್ತಿತ್ತು, ನಾನು ಉತ್ತರಪತ್ರಿಕೆಯೊಂದರಲ್ಲಿ ಒಂದು ಅಂಕ ಕಡಿಮೆ ಕೊಡುತ್ತಿದ್ದೆ.

ಐದು ವರ್ಷ ಹೀಗೆ ಕಳೆದವು. ಅರವತ್ತಮೂರರ ಬೇಸಿಗೆಯಲ್ಲಿ ಅನಸೂಯಮ್ಮನ ಯಜಮಾನರಿಗೆ ಗುಂತಕಲ್ಲಿಗೆ ವರ್ಗವಾಯಿತು. ಸಾಮಾನು ಕಟ್ಟುವ ದಿನ ನಾನು ರಜೆ ಹಾಕಿ ಲಾರಿಯ ಹಗ್ಗಗಳನ್ನು ಬಿಗಿದೆ. ನನ್ನ ಉತ್ಸಾಹ ಕಂಡು ಯಜಮಾನರು, ಇಂಥ ನೆರೆಹೊರೆ ಮುಂದೆ ಸಿಗುವುದಿಲ್ಲವೆಂದು ಕಣ್ಣಲ್ಲಿ ನೀರು ತಂದುಕೊಂಡರು. ಹೊರಡುವ ಮುಂಚೆ ಅನಸೂಯಮ್ಮ ತಮ್ಮ ಹಿತ್ತಲಿನ ಗೋಂಗುರ ಸಸಿಗಳನ್ನು, ಸಾರಿಗೂ ಚಟ್ನಿಗೂ ಹಾಕುವ ಆ ಹುಳಿಸೊಪ್ಪಿನ ಸಸಿಗಳನ್ನು, ಮಣ್ಣು ಸಹಿತ ಕಿತ್ತು ತಂದು ನಮ್ಮ ಕಡೆ ನೆಟ್ಟುಹೋದರು.

ನನ್ನ ಲೆಕ್ಕದ ಪ್ರಕಾರ ಇನ್ನು ಆ ದನಿ ನನ್ನ ಕಡೆ ತಿರುಗಬೇಕಾಗಿತ್ತು. ತಿರುಗಲಿಲ್ಲ. ಮನೆಯಿಂದ ಅದು ಹೊರಟೇಹೋಯಿತು. ಪದ್ಮಾವತಿ ಸಂಜೆ ಚಪ್ಪಡಿಯ ತೆರಪಿನವರೆಗೆ ಹೋಗಿ, ಬೀಗ ಹಾಕಿದ ಬಾಗಿಲನ್ನು ನೋಡಿ, ತಿರುಗಿ ಬಂದು ಗೋಂಗುರಕ್ಕೆ ನೀರು ಹಾಕುತ್ತಿದ್ದಳು. ಹಾಕುವಾಗ ತುಟಿ ಅಲುಗುತ್ತಿತ್ತು. ಗಿಡದೊಡನೆ ತೆಲುಗು! ಮನುಷ್ಯರ ಸರದಿ ಮುಗಿದು ನಾನು ಸೊಪ್ಪಿನ ಮೇಲೆ ಕಿಚ್ಚುಪಡುವ ಹಂತಕ್ಕೆ ಬಂದಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಆಕೆ ಸ್ನಾನಕ್ಕೆ ಹೋದಾಗ ನಾನು ಹಿತ್ತಲಿಗಿಳಿದೆ. ಹುರುಳಿಕಾಯಿಗೆ ಪಾತಿ ಮಾಡಬೇಕಾಗಿತ್ತು, ಅದು ನಿಜ. ಜಾಗ ಬೇರೆ ಕಡೆಯೂ ಇತ್ತು, ಅದೂ ನಿಜ. ದಾರ ಹಿಡಿದು ಗೆರೆ ಎಳೆದೆ. ಗೆರೆಯೊಳಗೆ ಬಂದ ಗೋಂಗುರವನ್ನೆಲ್ಲ ಬೇರುಸಹಿತ ಕಿತ್ತು ಒಂದು ಕಡೆ ರಾಶಿ ಹಾಕಿದೆ. ಕೊನೆಯ ಗಿಡ ಕೈಯಲ್ಲಿದ್ದಾಗ ಹಿಂದಿನಿಂದ ದನಿ ಬಂತು.

“ಏಂ ಪನಂಡೀ ಇದಿ? ಬುದ್ಧುಂದಾ ನೀಕು?”

ಇದೇನ್ರೀ ಕೆಲಸ, ಬುದ್ಧಿ ಇದೆಯಾ ನಿನಗೆ, ಎಂದು ಅರ್ಥ. ಬಹುವಚನದಿಂದ ಹೊರಟ ಮಾತು ಎರಡು ಹೆಜ್ಜೆ ನಡೆಯುವಷ್ಟರಲ್ಲಿ ಏಕವಚನಕ್ಕೆ ಇಳಿದಿತ್ತು. ಅನಂತರ ಬಂದದ್ದು ಪ್ರವಾಹ. ಒದ್ದೆ ಕೂದಲಿಗೆ ಪಂಚೆ ಸುತ್ತಿಕೊಂಡು, ಸೊಂಟಕ್ಕೆ ಕೈಯಿಟ್ಟು, ಪದ್ಮಾವತಿ ತೆಲುಗಿನಲ್ಲಿ ನನ್ನನ್ನು ಬಯ್ದಳು. ದಾರ ಹಿಡಿದು ಗೆರೆ ಎಳೆಯುವವನಿಗೆ ಗೆರೆಯಾಚೆ ಬೆಳೆದದ್ದೆಲ್ಲ ಕಳೆಯೇ ಎಂದಳು. ವದಿನ ಕಣ್ಣೀರು ಹಾಕುತ್ತ ನೆಟ್ಟ ಗಿಡ, ಅದು ನಿನಗೆ ಏನು ಅನ್ಯಾಯ ಮಾಡಿತ್ತು ಎಂದಳು. ನಾನು ಹೇಗೆ ಕನ್ನಡಕ ಏರಿಸಿ ಇನ್ನೊಬ್ಬರ ಬಾಯಿ ನೋಡುತ್ತ ಕೂರುತ್ತೇನೆಂಬುದನ್ನು ಅಲ್ಲಿಯೇ ಅಭಿನಯಿಸಿ ತೋರಿಸಿದಳು. ಒಂದು ವಾಕ್ಯವನ್ನೂ ಕೇರಿರಲಿಲ್ಲ. ಕಲ್ಲು, ಹೊಟ್ಟು, ಎಲ್ಲವೂ ನನ್ನ ಮೇಲೆ ಬಿತ್ತು. ನನಗೆ ಪ್ರತಿಯೊಂದು ಪದವೂ ಅರ್ಥವಾಯಿತು. ಆ ಐದು ವರ್ಷ ಚಪ್ಪಡಿಯ ತೆರಪಿಗೆ ಹೋಗುತ್ತಿದ್ದ ಹೆಂಗಸು ಇವಳೇ. ಇವಳು ಈಗ ನನ್ನೆದುರಿಗೆ ನಿಂತಿದ್ದಳು.

“ತಪ್ಪೇ,” ಎಂದೆ.

ಆ ಪದ ಎರಡು ಭಾಷೆಗಳಲ್ಲಿಯೂ ಒಂದೇ ರೂಪ, ಒಂದೇ ಅರ್ಥ, ಒಂದೇ ಮೂಲ. ನಾನು ಯಾವ ಭಾಷೆಯಲ್ಲಿ ಆಡಿದೆನೆಂದು ನನಗೇ ಗೊತ್ತಿಲ್ಲ.

ಆಕೆಗೆ ಆಗ ಎಚ್ಚರವಾಯಿತೆಂದು ತೋರುತ್ತದೆ. ಬಾಯಿಯ ಮೇಲೆ ಕೈ ಬಂತು. ಈಗ ಕನ್ನಡ ಬರುತ್ತದೆ, ಕ್ಷಮಿಸಿ ಎನ್ನುತ್ತಾಳೆ ಎಂದು ನಾನು ಹೆದರಿದೆ. ಆಕೆ ನನ್ನ ಕೈಯ ಮಣ್ಣನ್ನೂ ಸೊಪ್ಪಿನ ರಾಶಿಯನ್ನೂ ನೋಡಿ, ಕೈಯನ್ನು ಬಾಯಿಂದ ತೆಗೆದು, ಬೇರು ಇನ್ನೂ ಹಸಿಯಾಗಿದೆ, ಬಿಸಿಲೇರುವ ಮೊದಲು ನೆಡು ಎಂದಳು, ತೆಲುಗಿನಲ್ಲಿಯೇ. ನೆಟ್ಟೆ. ಆಳ ಸಾಲದು, ಇಲ್ಲಿ ಒತ್ತಾಯಿತು, ಅಲ್ಲಿ ನೀರು ನಿಲ್ಲುತ್ತದೆ ಎಂದು ಆಕೆ ತಿದ್ದುತ್ತಲೇ ಹೋದಳು. ಸಾಲು ಸೊಟ್ಟಗಾಯಿತು. ಅರ್ಧದಷ್ಟು ಗಿಡ ಬದುಕಿದವು.

ಹೊಟ್ಟೆಕಿಚ್ಚು ಅಂದಿಗೆ ಆರಿತೆಂದರೆ ಸುಳ್ಳಾಗುತ್ತದೆ. ಅನಸೂಯಮ್ಮ ವರ್ಷಕ್ಕೊಮ್ಮೆ ಬಂದು ಹೋಗುತ್ತಾರೆ. ಆ ಎರಡು ದಿನ ಅಡುಗೆಮನೆಯಿಂದ ಬರುವ ನಗೆಯ ಮಟ್ಟವನ್ನು ನಾನು ಇನ್ನೂ ಮುಟ್ಟಿಲ್ಲ. ನನ್ನ ಪಾಲಿಗೆ ಬಂದಿರುವುದು ಬಯ್ಗುಳದ ತೆಲುಗು, ಅವಸರದ ತೆಲುಗು; ಇದನ್ನು ಎರಡೂ ಅರ್ಥದಲ್ಲಿ ಓದಿಕೊಳ್ಳಬಹುದು. ಅತಿಥಿಗಳಿಗೆ, ಜ್ವರಕ್ಕೆ, ಹಬ್ಬಕ್ಕೆ ಕನ್ನಡವಿದೆ. ಒಂದು ದಿನವಿಡೀ ಆಕೆ ನನ್ನೊಡನೆ ನಿರ್ದುಷ್ಟವಾದ ಕನ್ನಡವನ್ನೇ ಆಡಿದರೆ, ನಾನು ಏನು ಮಾಡಿಬಿಟ್ಟೆನೋ ಎಂದು ಮನೆಯೆಲ್ಲ ಹುಡುಕುತ್ತೇನೆ.

ಇಷ್ಟನ್ನು ಬರೆದು ಇಂದು ಮಧ್ಯಾಹ್ನ ಆಕೆಗೆ ಓದಿ ಹೇಳಿದೆ. ಅಭಿನಯಿಸಿ ತೋರಿಸಿದ್ದು ಸುಳ್ಳೆಂದಳು. ಗಿಡ ಕಿತ್ತ ದಿನದ ತಾರೀಖನ್ನೂ ಕೊನೆಯಲ್ಲಿ ಸೇರಿಸುತ್ತೇನೆಂದೆ. ಗೌರಿಹಬ್ಬದ ಹಿಂದಿನ ಭಾನುವಾರ ಎಂದರೆ ಸಾಲದೇ, ಇಂಥ ವಿಷಯಕ್ಕೂ ತಾರೀಖು ಬರೆಯುವ ಗಂಡಸನ್ನು ಎಲ್ಲಿಯೂ ಕಂಡಿಲ್ಲ ಎಂದಳು. ಎಲ್ಲವನ್ನೂ ತೆಲುಗಿನಲ್ಲಿ, ಏಕವಚನದಲ್ಲಿ ಹೇಳಿದಳು. ಅಭಿನಯದ ವಿಷಯದಲ್ಲಿ ನಾನು ತಿದ್ದಿಕೊಳ್ಳಲು ಸಿದ್ಧ. ತಾರೀಖಿನ ವಿಷಯದಲ್ಲಿ ಇಲ್ಲ. ಅದು ೧೯೬೩ನೆಯ ಇಸವಿ, ಆಗಸ್ಟ್ ತಿಂಗಳ ಹದಿನೆಂಟು.