ಕಂಟ್ರೋಲ್ ಕಾಲದ ಹಗೇವು

ನನ್ನ ಗಂಡ ಸಾವಿನ ಬಾಗಿಲಿಗೆ ಹೋದದ್ದು ಕಂಟ್ರೋಲಿನವರಿಂದಲ್ಲ, ನನ್ನ ಮಾವನ ಆತುರದಿಂದ. ಊರವರು ಇಂದಿಗೂ ಬೇರೆಯೇ ಹೇಳುತ್ತಾರೆ. ಹೇಳಿಕೊಳ್ಳಲಿ.

ಯುದ್ಧದ ಕಾಲ. ಮಿರ್ಲೆಯ ಮಗ್ಗುಲಿನ ನಮ್ಮ ಹಳ್ಳಿಗೆ ಇಂಗ್ಲಿಷಿನ ಆ ಒಂದು ಮಾತು ಬಂದದ್ದೇ ಕಂಡದ್ದಕ್ಕೆಲ್ಲ ಅಂಟಿಕೊಂಡಿತು. ಅಂಗಡಿಯಲ್ಲಿ ಅಳೆದು ಕೊಡುವ ಸೀಮೆಎಣ್ಣೆ ಕಂಟ್ರೋಲ್. ಎಷ್ಟು ಆರಿಸಿದರೂ ಕಲ್ಲು ಮುಗಿಯದ ಅಕ್ಕಿ ಕಂಟ್ರೋಲ್. ಬೆಳೆದವರ ಮನೆಯಿಂದ ಸರ್ಕಾರಕ್ಕೆ ರಾಗಿ ಎತ್ತುವುದೂ ಕಂಟ್ರೋಲ್, ಎತ್ತಲು ಬರುವ ಅಧಿಕಾರಿಯೂ ಕಂಟ್ರೋಲ್. ಬಾವಿಯ ಹತ್ತಿರ ಪಕ್ಕದ ಮನೆಯಾಕೆ ನನ್ನ ಗಿಡ್ಡ ಸೀರೆ ನೋಡಿ, “ಇದ್ಯಾಕವ್ವ, ಮೊಣಕಾಲ್ಗೇ ನಿಂತ್ಬುಡ್ತು? ಕಂಟ್ರೋಲ್ ಸೀರೆಯಾ?” ಅಂದಳು.

“ಸೀರೆಗೆ ಬಂದದೆ ಕಣಕ್ಕ, ನಿನ್ ಬಾಯ್ಗೆ ಇನ್ನೂ ಬಂದಿಲ್ವಲ್ಲ,” ಅಂದೆ.

ನಗುತ್ತಿದ್ದೆವು ನಿಜ. ಆದರೆ ಯಾರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಾಯಿ ಬೊಗಳಿದರೆ ಸಾಕು, ಒಲೆಯ ಮೇಲಿನ ಎಸರು ಬಿಟ್ಟು ಬೀದಿಗೆ ಇಣುಕುತ್ತಿದ್ದೆ. ವರ್ಷವೆಲ್ಲ ಉಣ್ಣುವ ರಾಗಿ ನಮ್ಮ ಅಂಗಳದ ಹಗೇವಿನಲ್ಲಿತ್ತು. ಹಗೇವೆಂದರೆ ನೆಲದೊಳಗೆ ತೋಡಿದ, ಆಳು ಮುಳುಗುವಷ್ಟು ಆಳದ ಕಣಜ. ಮುಚ್ಚಿಟ್ಟ ಹಗೇವಿನೊಳಗಿನ ಗಾಳಿ ಕೆಟ್ಟದ್ದು. ಬಾಯಿಕಲ್ಲು ತೆಗೆದು ಒಂದು ಹಗಲು ಹಾಗೇ ಬಿಡಬೇಕು. ಆಮೇಲೆ ಉರಿಯುವ ದೀಪ ಇಳಿಬಿಡಬೇಕು. ದೀಪ ಆರಿದರೆ ಯಾರೂ ಇಳಿಯಬಾರದು. ಇದು ಊರಿನ ಮಕ್ಕಳಿಗೂ ಗೊತ್ತು.

ಒಂದು ಮಧ್ಯಾಹ್ನ ಮಾವ ಮಿರ್ಲೆಯಿಂದ ಏದುಸಿರು ಬಿಡುತ್ತ ಬಂದರು.

“ಕಂಟ್ರೋಲ್ ಮಿರ್ಲೆ ಛತ್ರದಲ್ಲಿ ಇಳ್ಕಂಡದೆ, ನಾಳೆ ನಮ್ಮೂರ್ಗೆ ಬತ್ತದಂತೆ. ಅರ್ಧ ರಾಗಿ ತೆಗ್ದು ಹುಲ್ಲಿನ ಮೆದೆ ಒಳಕ್ಕೆ ಸೇರ್ಸ್ಬುಡವ.”

ಕಲ್ಲು ಸರಿಸಿದ ಕೂಡಲೇ ದೀಪ ಇಳಿಬಿಟ್ಟರು. ಆರಿತು.

“ಇಳೀಬ್ಯಾಡಿ ಕಣ್ರೀ,” ಅಂದೆ ಗಂಡನಿಗೆ.

“ಗಾಳಿಗೆ ಆರೋಯ್ತು, ನೀ ಸುಮ್ಕಿರವ್ವ,” ಅಂದರು ಮಾವ. ಮಗನ ಕಡೆ ತಿರುಗಿ, “ಇಳಿಯಲಾ, ಹೊತ್ತೋಯ್ತದೆ.”

ಎಲೆ ಅಲುಗದ ಬಿಸಿಲು. ಎಲ್ಲಿಯ ಗಾಳಿ? ನನ್ನ ಗಂಡ ಅಪ್ಪನಿಗೆ ಎದುರಾಡಿದವರಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಒಂದು ಕುಕ್ಕೆ ರಾಗಿ ಮೇಲೆ ಬಂತು. ಎರಡನೆಯದು ಬರಲಿಲ್ಲ. ಕೂಗಿದರೆ ಓಗೊಡಲಿಲ್ಲ.

ಮಾವ, ನಾನು, ಕೂಗು ಕೇಳಿ ಓಡಿಬಂದ ಪಕ್ಕದ ಮನೆಯಾಕೆ ಸೇರಿ ಎಳೆದೆವು. ತುಟಿ ನೀಲಿಗಟ್ಟಿತ್ತು. ನೀರು ಎರಚಿದೆ, ಕೆನ್ನೆಗೆ ಬಾರಿಸಿದೆ. ಬಹಳ ಹೊತ್ತಿನ ಮೇಲೆ ಉಸಿರು ಬಂತು, ಅದರ ಹಿಂದೆಯೇ ವಾಂತಿ.

“ಬೆಳಗಾಗೋ ಹೊತ್ಗೆ ಸರೋಯ್ತಾನೆ ಬುಡು,” ಅಂದರು ಮಾವ. “ಅವ್ರು ಬರೋದ್ರೊಳ್ಗೆ ಇನ್ನೊಂದ್ಸಲ ಇಳೀಲಿ.”

ಮಾರನೆಯ ಬೆಳಿಗ್ಗೆ ಮನೆಯವರು ಏಳುವ ಮೊದಲೇ ಮಿರ್ಲೆಗೆ ನಡೆದು, ಛತ್ರದ ಜಗಲಿಯಲ್ಲಿ ಹಲ್ಲುಜ್ಜುತ್ತಿದ್ದ ಅಧಿಕಾರಿಯ ಮುಂದೆ ನಿಂತು, “ಮೊದ್ಲು ನಮ್ಮನೇಗೇ ಬನ್ನಿ ಸ್ವಾಮಿ, ಇರೋ ರಾಗೀನೆಲ್ಲ ಅಳ್ಕೊಳ್ಳಿ,” ಅಂದೆ.